ಘಾಟಿನ ತರಬೇತಿ

ಬೇರೆಯವರಿಗೆ ತರಬೇತಿ ಕೊಡುವಷ್ಟು ಸುಖದ ಕೆಲಸ ಇನ್ನೊಂದಿಲ್ಲ. ಬೆವರು ಅವರದು, ಬುದ್ಧಿಮಾತು ನಮ್ಮದು. ಗೆದ್ದರೆ ನಮ್ಮ ಪಾಲೂ ಇರುತ್ತದೆ. ಸೋತರೆ, ಹೇಳಿದ್ದನ್ನು ಕೇಳಲಿಲ್ಲ ಎಂದರಾಯಿತು. ಈ ಸುಖದ ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ.

ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರ ಲೆಕ್ಕ ನೋಡುವ ನಾನು, ಸಂಜೆ ಸ್ಟೇಷನ್ನಿನ ಹಿಂದಿನ ಓಣಿಯ ಕೇಂದ್ರದಲ್ಲಿ ಮಕ್ಕಳಿಗೆ ಗಣಿತ ಹೇಳುತ್ತೇನೆ. ಹಮಾಲರ, ಆಟೋದವರ, ಬೀಜ ಆರಿಸುವ ಹೆಂಗಸರ ಮಕ್ಕಳು ಶಾಲೆ ಬಿಟ್ಟ ಮೇಲೆ ಇಲ್ಲಿಗೆ ಬರುತ್ತಾರೆ. ಮೊದಲು ಪಾಠ, ಆಮೇಲೆ ಕಬಡ್ಡಿ. ಮಕ್ಕಳು ಬರುವುದು ಕಬಡ್ಡಿಗಾಗಿ ಎಂಬುದು ನನಗೂ ಗೊತ್ತು. ಪಾಠವನ್ನು ಅವರು ಜಾತ್ರೆಯ ದಾರಿಯ ಕೆಸರಿನಂತೆ ದಾಟುತ್ತಾರೆ. ನನಗೂ ಲೆಕ್ಕವನ್ನು ಕೊಂಚ ವಿಸ್ತರಿಸುವ ಚಟವಿದೆ. ರಾಣೆಬೆನ್ನೂರಿನಿಂದ ಹಾವೇರಿಗೆ ರೈಲು ಹೊರಟಿತು ಎಂದರೆ, ಆ ರೈಲಿನಲ್ಲಿ ಮಾರುವ ಚಹಾದ ಗುಣಮಟ್ಟ ಹೇಳದೆ ಮುಂದಕ್ಕೆ ಹೋಗಲಾರೆ. ಹಾವೇರಿ ಮುಟ್ಟುವಷ್ಟರಲ್ಲಿ ಮಕ್ಕಳಿಗೆ ರೈಲಿನ ವೇಗ ಮರೆತಿರುತ್ತದೆ.

ಹೋದ ವರ್ಷ ಬ್ಯಾಡಗಿಯ ಕೇಂದ್ರದ ಮಕ್ಕಳೊಡನೆ ಪಂದ್ಯವಿತ್ತು: ಮೊದಲು ಕಬಡ್ಡಿ, ಆಮೇಲೆ ಬಾಯಿಲೆಕ್ಕ. ಅವರ ಕೇಂದ್ರ ನಡೆಯುವುದು ಹಳೆಯ ಮೆಣಸಿನಕಾಯಿ ಗೋದಾಮಿನಲ್ಲಿ, ಪಂದ್ಯವೂ ಅದರೊಳಗೇ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಎನ್ನುವವರು ಆ ಗೋದಾಮಿನಲ್ಲಿ ಒಮ್ಮೆ ಉಸಿರೆಳೆದು ನೋಡಬೇಕು. ನಮ್ಮ ನೇತ್ರಾ ಎಂಬ ಹುಡುಗಿ 'ಕಬಡ್ಡಿ ಕಬಡ್ಡಿ' ಎನ್ನುತ್ತ ಎದುರಾಳಿಗಳ ಅಂಕಣಕ್ಕೆ ನುಗ್ಗಿ ಇಬ್ಬರನ್ನು ಮುಟ್ಟಿ ತಿರುಗಿದಳು. ಗೆರೆಗೆ ಎರಡು ಹೆಜ್ಜೆ ಇರುವಾಗ ಸೀನು ಬಂತು. ದಮ್ ಮುರಿಯಿತು, ಔಟ್! ಅವಳ ಹಿಂದೆ ಹೋದ ಮೂವರದೂ ಅದೇ ಗತಿ. ಮೆಣಸಿನಕಾಯಿ ತೊಟ್ಟು ಬಿಡಿಸುವ ಮನೆಗಳಲ್ಲೇ ಬೆಳೆದ ಬ್ಯಾಡಗಿ ಮಕ್ಕಳು ಮಾತ್ರ ಮೂಗು ಕೂಡ ತಿಕ್ಕಲಿಲ್ಲ.

ಈ ವರ್ಷ ಮತ್ತೆ ಬ್ಯಾಡಗಿಯಲ್ಲೇ ಎಂದಾಗ ನೇತ್ರಾಳ ತಾಯಿ ಮಂಜವ್ವ ಕೇಂದ್ರಕ್ಕೆ ಬಂದರು. "ಸರ್, ಇಕಿ ಬರೇ ಆಟ ಆಟ ಅಂತಾಳ. ಈ ಸಲ ನಾನೂ ಬರ್ತೇನಿ. ಬಾಯಿಲೆಕ್ಕದಾಗ ಇಕಿ ಬಾಯಿ ಬಿಡಲಿಲ್ಲಂದ್ರ ಮರುದಿನದಿಂದ ಆಟ ಬಂದ್ ನೋಡ್ರಿ, ಪಾಠ ಅಷ್ಟ" ಎಂದರು. ನೇತ್ರಾಳ ಮುಖ ಬಾಡಿತು. ಆಟ ಬಂದ್ ಆದರೆ ಆ ಹುಡುಗಿ ಪಾಠಕ್ಕೂ ಬರುವುದಿಲ್ಲ. ಅಷ್ಟು ಲೆಕ್ಕ ನನಗೂ ಬರುತ್ತದೆ.

ಬಾಯಿಲೆಕ್ಕ ಕಲಿಸುವುದು ಬಿಟ್ಟು ನಾನು ಮೂಗಿನ ತರಬೇತಿಗೆ ಇಳಿದೆ. ಹೆಂಡತಿಯ ಕುಟ್ಟಾಣಿ ಹೊತ್ತು ಹೊರಟಾಗ ಅವಳು, "ಪಾಠ ಹೇಳಾಕ ಹೊಂಟೀರೋ, ಮಸಾಲಿ ಅಂಗಡಿ ಇಡಾಕ ಹೊಂಟೀರೋ?" ಎಂದಳು. ದಿನಾ ಸಂಜೆ ಅಂಕಣದ ಪಕ್ಕದಲ್ಲಿ ಮೆಣಸಿನಕಾಯಿ ಕುಟ್ಟಿಸಿದೆ. ಮಕ್ಕಳು ಸೀನಿದರು, ಕೆಮ್ಮಿದರು, ನಕ್ಕರು, ಕಡೆಗೆ ಪಳಗಿದರು. ನಾನು ಗಾಳಿ ಬರುವ ದಿಕ್ಕಿನಲ್ಲಿ, ಬೇವಿನ ಮರದ ಕೆಳಗೆ, ಟವೆಲ್ಲನ್ನು ಮೂಗಿಗೆ ಒತ್ತಿಕೊಂಡು ಉಸ್ತುವಾರಿ ನೋಡಿಕೊಂಡೆ.

ಬ್ಯಾಡಗಿಯಲ್ಲಿ ಬಸ್ಸಿಳಿದಾಗ ಅಲ್ಲಿಯ ಶಾಂತಾ ಟೀಚರ್ ನಗುತ್ತ ಎದುರುಗೊಂಡರು. "ಹೋದ ವರ್ಷ ನಿಮ್ಮ ಮಕ್ಕಳಿಗೆ ಭಾಳ ತ್ರಾಸ ಆತ್ರಿ. ಅದಕ್ಕ ಈ ಸಲ ಕಬಡ್ಡಿ ಹೊರಗ ಮೈದಾನದಾಗ ಇಟ್ಟೇವಿ. ಬಾಯಿಲೆಕ್ಕ ಅಷ್ಟ ಗೋದಾಮಿನ್ಯಾಗ." ಇಂಥ ಒಳ್ಳೆಯತನವನ್ನು ಮುಂಚಿತವಾಗಿ ತಿಳಿಸಬಾರದೇ?

ಮೈದಾನದಲ್ಲಿ ನಾವು ಗೆದ್ದೆವು. ಆಮೇಲೆ ಗೋದಾಮಿನೊಳಗೆ ಹೋದೆವು. ನನ್ನ ಮಕ್ಕಳು ಒಣ ಮೂಗಿನಿಂದ ಸಾಲಾಗಿ ನಿಂತರು, ಒಬ್ಬರಿಗೂ ಸೀನಿಲ್ಲ. ನಾನು ಹೆಮ್ಮೆಯಿಂದ ಮಂಜವ್ವನ ಕಡೆ ನೋಡಿದೆ. ಆಯಾ ಕೇಂದ್ರದ ಮಾಸ್ತರರೇ ತಮ್ಮ ಮಕ್ಕಳಿಗೆ ಪ್ರಶ್ನೆ ಓದಬೇಕೆಂಬುದು ಅಲ್ಲಿಯ ಪದ್ಧತಿ. ನೇತ್ರಾಳ ಸರದಿ ಬಂತು. ಚೀಟಿ ಹಿಡಿದು ನಿಂತೆ.

"ಒಂದು ಚೀಲದಲ್ಲಿ ಮೂವತ್ತು..." ಎಂದೆ. ಸೀನು ಬಂತು. ಮತ್ತೆ ಮೊದಲಿನಿಂದ, "ಒಂದು ಚೀಲದಲ್ಲಿ..." ಎಂದೆ. ಈ ಸಲ ಮೂವತ್ತರವರೆಗೂ ಹೋಗಲಿಲ್ಲ. ಕಣ್ಣು, ಮೂಗು ಎರಡೂ ಹರಿಯತೊಡಗಿದವು. ಟವೆಲ್ಲು ಬಸ್ಸಿನಲ್ಲೇ ಉಳಿದಿತ್ತು. ಬ್ಯಾಡಗಿ ಮಕ್ಕಳು ಮೊದಲು ಕನಿಕರದಿಂದ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ನೇತ್ರಾ ಗಂಭೀರವಾಗಿ ಕೈ ಎತ್ತಿದಳು. "ಸರ್, ನಿಮ್ಮ ದಮ್ ಮುರೀತ್ರಿ. ನೀವು ಔಟ್."

ನಿಯಮ ನಿಯಮವೇ. ನಾನು ಗೆರೆಯಾಚೆಗೆ, ಅಂದರೆ ಬಾಗಿಲ ಹೊರಗೆ ಹೋಗಿ ನಿಂತೆ. ಶಾಂತಾ ಟೀಚರ್ ಚೀಟಿ ತೆಗೆದುಕೊಂಡು ಓದಿದರು: ಇಷ್ಟು ಚೀಲ, ಚೀಲಕ್ಕೆ ಇಷ್ಟು ಕಿಲೋ, ಒಟ್ಟು ಎಷ್ಟು? ಚೀಲ ಯಾರದು, ಮಾಲಿಕ ಎಂಥವನು, ಏನೂ ಇಲ್ಲ. ಒಳಗಿನಿಂದ ನೇತ್ರಾಳ ಉತ್ತರ ತಟ್ಟನೆ ಬಂತು. ಇನ್ನೊಂದು ಲೆಕ್ಕ, ಇನ್ನೊಂದು ಉತ್ತರ. ಒಂದೂ ತಪ್ಪಲಿಲ್ಲ. ಮಕ್ಕಳ ಚಪ್ಪಾಳೆ ಕೇಳಿ ನನ್ನ ಕಣ್ಣು ತುಂಬಿದವು. ಅದು ಘಾಟಿನಿಂದ ಅಷ್ಟೇ ಅಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಮಂಜವ್ವ ನನ್ನ ಹಿಂದಿನ ಸೀಟಿನಿಂದ ಬಗ್ಗಿ ಹೇಳಿದರು: "ಆಟ ಆಡ್ಲಿ ಬಿಡ್ರಿ ಸರ್, ನಂದೇನೂ ತಕರಾರಿಲ್ಲ." ನಾನು ಎದೆಯುಬ್ಬಿಸಿ ಕುಳಿತೆ. ಅವರು ಇನ್ನಷ್ಟು ಮುಂದೆ ಬಗ್ಗಿ, ಸಂಕೋಚದಿಂದ ದನಿ ತಗ್ಗಿಸಿದರು. "ಖರೇ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಲೆಕ್ಕ ಅಷ್ಟ ಆ ಬ್ಯಾಡಗಿ ಟೀಚರ್ ಕಡೆ ಹೇಳಿಸಾಕ ಬರ್ತೈತೇನ್ರಿ?"

ಬಸ್ಸಿನಲ್ಲಿ ಒಂದು ಮೆಣಸಿನಕಾಯಿಯೂ ಇರಲಿಲ್ಲ. ಆದರೂ ನಾನು ಜೋರಾಗಿ ಸೀನಿದೆ.