ಹುಡುಗಿಯರ ಬೆಂಚಿನ ಲೆಕ್ಕ

ತಪ್ಪು ಮಾಡಿದವನಿಗೆ ನಾಚಿಕೆಯಾಗುವುದು ಸಹಜ. ಆದರೆ ಒಳ್ಳೆಯದು ಮಾಡುತ್ತಿದ್ದೇನೆಂದು ಬೀಗುತ್ತಿದ್ದವನಿಗೆ ಆಗುವ ನಾಚಿಕೆ ಇದೆಯಲ್ಲ, ಅದರ ರುಚಿಯೇ ಬೇರೆ. ಇಷ್ಟು ವರ್ಷಗಳಾದ ಮೇಲೂ ಸ್ನಾನ ಮಾಡುವಾಗ ಥಟ್ಟನೆ ನೆನಪಾಗಿ, ಚೊಂಬು ಹಿಡಿದ ಕೈ ಹಾಗೆಯೇ ನಿಂತುಬಿಡುತ್ತದೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಶಿರಾದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ತರಗತಿಯಲ್ಲಿ ಮೂವತ್ತು ಹುಡುಗರು, ಮೂವರು ಹುಡುಗಿಯರು. ಹೆಣ್ಣುಮಕ್ಕಳಿಗೆ ಬೀಜಗಣಿತ ತಲೆಗೆ ಹತ್ತುವುದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಕೊಳಾಲದ ನಮ್ಮ ಮನೆಯಲ್ಲಿ ನನಗೆ ಕಾಲು, ಅರೆ, ಮುಕ್ಕಾಲರ ಮಗ್ಗಿ ಬಾಯಿಪಾಠ ಮಾಡಿಸಿದವಳು ನನ್ನ ಅಜ್ಜಿಯೇ ಎಂಬುದು ಆಗ ನೆನಪಿಗೇ ಬರಲಿಲ್ಲ. ಹುಡುಗರಿಗೆ ದೊಡ್ಡ ಲೆಕ್ಕ ಹಾಕಿ, ಹುಡುಗಿಯರ ಬೆಂಚಿನತ್ತ ತಿರುಗಿ, "ನಿಮಗೆ ಇದು ಸಾಕಮ್ಮ" ಎಂದು ಚಿಕ್ಕದೊಂದು ಕೊಡುತ್ತಿದ್ದೆ. ಅದನ್ನು ದಯೆ ಎಂದುಕೊಂಡಿದ್ದೆ.

ಅರ್ಧವಾರ್ಷಿಕ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಹೊರಗಿನಿಂದ ಬಂತು, ಎಲ್ಲರಿಗೂ ಒಂದೇ. ಅರ್ಧಕ್ಕರ್ಧ ಹುಡುಗರು ಮಗುಚಿಕೊಂಡರು. ಮೂವರು ಹುಡುಗಿಯರೂ ಪಾಸು. ಕಳ್ಳಂಬೆಳ್ಳದಿಂದ ಬರುತ್ತಿದ್ದ ಜುಬೇದಾ ಎಲ್ಲರಿಗಿಂತ ಮೇಲೆ. ನಾನು ಕಲಿಸದೇ ಇದ್ದದ್ದು ಇವಳಿಗೆ ಬಂದದ್ದು ಹೇಗೆ? ಕಾಪಿ ಹೊಡೆದಿದ್ದಾಳೆ ಎಂದು ತೀರ್ಮಾನಿಸಿ ಅವಳ ತಂದೆಗೆ ಚೀಟಿ ಬರೆದೆ. ಯಾರನ್ನು ನೋಡಿ ಬರೆದಿರಬಹುದೆಂದು ಯೋಚಿಸಲಿಲ್ಲ. ಅವಳಷ್ಟು ಬರೆದ ಹುಡುಗನೇ ತರಗತಿಯಲ್ಲಿ ಇರಲಿಲ್ಲವಲ್ಲ!

ಮರುದಿನವೇ ತಂದೆ ಬಂದರು. ಪಾತ್ರೆಗಳಿಗೆ ಕಲಾಯಿ ಹಾಕುವವರು, ಬೆರಳೆಲ್ಲ ಕಪ್ಪು. "ಮಾಫ್ ಮಾಡಿ ಸಾ. ಮನೇಲಿ ಎಲ್ರೂ ಸ್ಕೂಲ್ ಬುಡ್ಸು ಅಂತಾವ್ರೆ. ಕರ್ಕೊಂಡೋಗಕ್ಕೆ ಬಂದೆ," ಎಂದು ತಲೆ ತಗ್ಗಿಸಿ ನಿಂತರು.

ಒಂದು ಚೀಟಿಯಿಂದ ಹುಡುಗಿಯ ಓದೇ ನಿಲ್ಲುತ್ತದೆಂದು ಎಣಿಸಿರಲಿಲ್ಲ. ಪರೀಕ್ಷಿಸಿಯೇ ಬಿಡೋಣವೆಂದು ಜುಬೇದಾಳನ್ನು ಕರೆಸಿ, ಬೋರ್ಡಿನ ಮೇಲೆ ಹೊಸ ಲೆಕ್ಕವೊಂದನ್ನು ಬರೆದೆ. ಅವಳು ಸ್ವಲ್ಪ ಹೊತ್ತು ನೋಡಿ, "ಇದು ಬರಲ್ಲ ಸಾ," ಎಂದಳು. ಗೆದ್ದೆನೆಂದು ತಂದೆಯತ್ತ ತಿರುಗುವಷ್ಟರಲ್ಲಿ, "ಮೈನಸ್ ಇರ್ಬೇಕಾದ ಕಡೆ ಪ್ಲಸ್ ಹಾಕ್ಬುಟ್ಟಿದೀರ. ಸರಿ ಮಾಡ್ಲಾ?" ಎಂದಳು. ಸರಿ ಮಾಡಿದಳು, ಬಿಡಿಸಿದಳು, ಕೈ ಒರೆಸಿಕೊಂಡಳು.

"ಇದನ್ನೆಲ್ಲ ಎಲ್ಲಿ ಕಲಿತೆ?" ಎಂದೆ.

"ನಿಮ್ಮತ್ರಾನೇ ಸಾ. ಹುಡುಗ್ರಿಗೆ ಹೇಳೋದು ನಮ್ಗೂ ಕೇಳುಸ್ತಿತ್ತಲ್ಲ. ನಮ್ ಲೆಕ್ಕ ಬೇಗ ಮುಗಿಯೋದು, ಆಮೇಲೆ ಮೂರೂ ಜನ ಅದನ್ನೂ ಮಾಡ್ತಿದ್ವಿ."

ನೆಲ ಬಾಯಿಬಿಡಬಾರದೇ ಅನ್ನಿಸಿತು. ತಪ್ಪಾಯಿತೆಂದು ತಂದೆಗೆ ಹೇಳಿದೆ. ಅವರು ದನಿ ಏರಿಸಲಿಲ್ಲ. "ನಂಗೊಬ್ನಿಗೆ ಹೇಳಿದ್ರೆ ಸಾಲ್ದು ಸಾ. ಆ ಚೀಟಿ ಓದ್ಸಿದ್ದು ನಮ್ ಬೀದಿಗೆಲ್ಲ ಕೇಳೈತೆ. ಇಜ್ಜತ್ ಮಾತು. ಇನ್ನೊಂದು ಬರ್ಕೊಡಿ, ಅದ್ನೂ ಓದುಸ್ತೀನಿ. ನಾಳೆಯಿಂದ ಮಗು ಬತ್ತದೆ."

ಬರೆದೆ. ಅರ್ಧ ಪುಟ ಸುತ್ತಿ ಬಳಸಿ, 'ಜುಬೇದಾ ಬಹುಶಃ ಕಾಪಿ ಮಾಡಿಲ್ಲ ಎಂದು ತೋರುತ್ತದೆ' ಎಂದು ಮುಗಿಸಿದೆ. ಓದಲು ಬಾರದ ತಂದೆ ಅದನ್ನು ಮಗಳ ಕೈಗೆ ಕೊಟ್ಟರು. ಅವಳು ಓದಿ, ಮೇಜಿನ ಮೇಲಿಟ್ಟು, ಬೆರಳಿನಿಂದ ತೋರಿಸಿದಳು.

"ಸಾ, ಈ 'ಬಹುಶಃ' ತೆಗೀಬೇಕು. 'ಎಂದು ತೋರುತ್ತದೆ'ನೂ ಬೇಡ."

ಅಷ್ಟು ವರ್ಷ ಮಕ್ಕಳ ಪುಸ್ತಕಗಳ ಮೇಲೆ ಕೆಂಪು ಶಾಯಿ ಓಡಿಸಿದ್ದೆ. ನನ್ನ ಬರಹದ ಮೇಲೆ ಓಡಿಸಿದ್ದು ಅಂದೇ ಮೊದಲು.