ಕರಡಪ್ಪನ ಸುಳ್ಳಿಲ್ಲದ ಮರಣವಾರ್ತೆ

ಎಲ್ಲ ಫಜೀತಿಗೂ ಮೂಲ ಅರ್ಧ ಹಾಳೆ.

ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಆತನನ್ನು ಬೀದಿಯವರೆಲ್ಲ ಕರಡಪ್ಪ ಎಂದೇ ಕರೆಯುತ್ತಿದ್ದರು. ಮೇಲಿನ ಮಹಡಿಯಲ್ಲಿದ್ದ ನಿವೃತ್ತ ನರ್ಸಮ್ಮ ಪ್ರತಿ ಭಾನುವಾರ ವಾಚನಾಲಯದ ಹಿಂದಿನ ಕೋಣೆಯಲ್ಲಿ 'ಸಾವಿನ ಮಾತುಕತೆ' ನಡೆಸುತ್ತಿದ್ದರು. ಟೀ, ಬಿಸ್ಕತ್ತು, ಸಾವು, ಈ ಮೂರನ್ನೂ ಧಾರಾಳವಾಗಿ ಬಡಿಸುತ್ತಿದ್ದರು. ಕರಡಪ್ಪ ಹೋಗುತ್ತಿದ್ದದ್ದು ಬಿಸ್ಕತ್ತಿಗೆ.

ಕಳೆದ ಭಾನುವಾರ ನರ್ಸಮ್ಮ ಹೋಂವರ್ಕ್ ಕೊಟ್ಟರು: "ಅವರವರ ಮರಣವಾರ್ತೆ ಅವರವರೇ ಬರ್ಕೊಂಡು ಬನ್ನಿ. ಅಗಲಿದ ಚೇತನ, ಅಜಾತಶತ್ರು ಅಂತೆಲ್ಲ ಬೇಡ. ಒಂದಕ್ಷರ ಸುಳ್ಳಿರಬಾರದು."

ಕರಡಪ್ಪ ಕಚೇರಿಯಲ್ಲೇ ಕೂತು ದೇವರಾಣೆಗೂ ನಿಜವನ್ನೇ ಬರೆದ. 'ಮೃದುಭಾಷಿಯಾಗಿದ್ದ ಇವರು, ಹೆಂಡತಿ ಬೆಳಗೆದ್ದು ಹಾಡುತ್ತಿದ್ದ ಪದ್ಯಗಳನ್ನು ತಾಳಲಾರದೆ ಹದಿನೆಂಟು ವರ್ಷ ಕಿವಿಗೆ ಹತ್ತಿ ತುರುಕಿಕೊಂಡು "ಆಹಾ" ಎನ್ನುತ್ತಿದ್ದರು. ಕೆಳಮನೆಯ ಟೈಲರ್ ಹೊಲಿದುಕೊಟ್ಟ ಪ್ಯಾಂಟುಗಳಲ್ಲಿ ನಿಲ್ಲಬಹುದಿತ್ತು, ಕೂರಲು ಆಗುತ್ತಿರಲಿಲ್ಲ.'

ಹಾಳೆ ಮೇಜಿನ ಮೇಲೆ ಉಳಿಯಿತು. ಯಾರೋ ಅದನ್ನು ಮರಣವಾರ್ತೆಗಳ ಜೊತೆ ಸೇರಿಸಿದರು. ಅಚ್ಚಿಗೆ ಸಿದ್ಧವಾಗಿ ಕರಡಪ್ಪನ ಮುಂದೆಯೇ ಬಂತು. ಅವನು ಎರಡು ಅಲ್ಪವಿರಾಮ ಹಾಕಿದ, ಸತ್ತವನ ಹೆಸರಿನಲ್ಲಿ ತಪ್ಪಿಲ್ಲವೆಂದು ಗುರುತು ಮಾಡಿದ, ಸಹಿ ಹಾಕಿ ಕಳಿಸಿದ. ಇಪ್ಪತ್ತೆರಡು ವರ್ಷ ಕರಡು ತಿದ್ದಿದ ಕಣ್ಣು ಅಕ್ಷರವನ್ನು ನೋಡುತ್ತದೆ, ಅರ್ಥದ ಗೋಜಿಗೆ ಹೋಗುವುದಿಲ್ಲ.

ಮರುದಿನ ಬೆಳಗ್ಗೆ ಬಾಗಿಲು ತೆರೆದರೆ, ಬಿಳಿ ಹೂವಿನ ಗುಚ್ಛ ಹಿಡಿದು ಟೈಲರ್ ನಿಂತಿದ್ದ.

"ಅಯ್ಯೋ! ಇದ್ದೀರಾ?"

"ಇರದೆ ಎಲ್ಲಿಗೆ ಹೋಗ್ಲಿ?"

"ಪೇಪರಲ್ಲಿ ಹೋಗಿಬಿಟ್ಟಿದ್ದೀರಲ್ಲ ಸ್ವಾಮಿ! ಪ್ಯಾಂಟಿನ ವಿಷಯಾನೂ ಓದ್ದೆ. ಹೋಗ್ಲಿ, ಸತ್ತೋರಲ್ವಾ ಅಂತ ಹೂವು ತಂದೆ. ಬದುಕಿದ್ದೀರಿ ಅಂತ ಗೊತ್ತಿದ್ರೆ ಕತ್ತರಿ ತರ್ತಿದ್ದೆ."

ಕರಡಪ್ಪ ಪತ್ರಿಕೆ ಕಿತ್ತುಕೊಂಡು ನೋಡಿದ. ಬಿಸಿನೀರು ಬಿದ್ದ ಬೆಕ್ಕಿನಂತೆ ನೆಗೆದ. ಟೈಲರ್ ಸಿಟ್ಟಾದರೆ ಆಗಲಿ, ಹೆಂಡತಿ ಓದಿದರೆ ಗತಿಯೇನು? ಅಕ್ಕನ ಮನೆಗೆ ಹೋಗಿದ್ದ ಅವಳು ಹತ್ತು ಗಂಟೆಯ ಬಸ್ಸಿಗೆ ಬರುವವಳು. ಪೇಪರ್ ಕೈಗೆ ಸಿಕ್ಕರೆ ಮೊದಲು ನೋಡುವುದೇ ಯಾರು ಹೋದರು ಎಂದು.

ಬಸ್ ನಿಲ್ದಾಣಕ್ಕೆ ಓಡಿದ. ಅಂಗಡಿಯಲ್ಲಿದ್ದ ಪೇಪರನ್ನೆಲ್ಲ ಕೊಂಡ. ಬೆಂಚಿನ ಮೇಲೆ ಓದುತ್ತಿದ್ದ ಮುದುಕರೊಬ್ಬರ ಕೈಯಿಂದಲೂ ಎಳೆದ.

"ಏಯ್! ಇನ್ನೂ ಓದ್ತಾ ಇದ್ದೀನಿ, ಯಾರೋ ಪಾಪ ಹತ್ತಿ ಇಟ್ಕೊಂಡು ಸತ್ತಿದ್ದಾನೆ!"

"ಆ ಪಾಪಿ ನಾನೇ ಅಜ್ಜಾ, ಬಿಡಿ!"

ಮುದುಕರು ತಕ್ಷಣ ಬಿಟ್ಟರು. ಬೆಂಚನ್ನೂ ಬಿಟ್ಟು ಓಡಿದರು.

ಪೇಪರಿನ ಮೂಟೆ ಹೊತ್ತು ಮನೆಗೆ ಬಂದರೆ ನಡುಮನೆಯ ತುಂಬ ಕುರ್ಚಿ, ಕುರ್ಚಿಯ ತುಂಬ ಜನ. ನರ್ಸಮ್ಮ ಮುಂದೆ ನಿಂತು ಟೀ ಹಂಚಿಸುತ್ತಿದ್ದರು.

"ಬನ್ನಿ ಬನ್ನಿ, ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ನಮ್ಮ ಗುಂಪಿನಲ್ಲಿ ಪಾಠ ಪೂರ್ತಿ ಮುಗಿಸಿದೋರು ನೀವೊಬ್ರೇ."

"ನರ್ಸಮ್ಮಾ, ನಾನು ಸತ್ತಿಲ್ಲ!"

"ಮೊದಮೊದಲು ಎಲ್ಲರೂ ಹಾಗೇ ಅಂತಾರೆ. ನಿಧಾನಕ್ಕೆ ಒಪ್ಕೊಳ್ಳಿ."

"ತಮಾಷೆ ಸಾಕು, ಇವರನ್ನೆಲ್ಲ ಕಳಿಸಿ! ಅವಳು ಬರೋ ಹೊತ್ತಾಯ್ತು!"

"ಜನ ಬಂದಾಗಿದೆ, ಟೀ ಆಗಿದೆ. ನೀವು ಬದುಕಿದ್ದೀರಿ ಅನ್ನೋ ಒಂದೇ ಕಾರಣಕ್ಕೆ ಸಭೆ ನಿಲ್ಸೋಕಾಗುತ್ತಾ?"

ಟೈಲರ್ ಎದ್ದು ಎರಡು ಮಾತಾಡಿದ. "ಮೃತರ ಸೊಂಟದ ಅಳತೆ ವಾರಕ್ಕೊಂದು ಥರ ಇರ್ತಿತ್ತು. ತಪ್ಪು ನನ್ನ ಹೊಲಿಗೇದಲ್ಲ, ಅವರು ತಿನ್ನೋ ಬಿಸ್ಕತ್ತಿಂದು!" ಸಭೆ ಚಪ್ಪಾಳೆ ತಟ್ಟಿತು.

ಅಷ್ಟರಲ್ಲಿ ಬಾಗಿಲಲ್ಲಿ ಹೆಂಡತಿ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಪೇಪರ್. ಈ ಪತ್ರಿಕೆ ಅಕ್ಕನ ಊರಿಗೂ ಹೋಗುತ್ತದೆಂಬುದು ಕರಡಪ್ಪನ ತಲೆಗೆ ಹೊಳೆದೇ ಇರಲಿಲ್ಲ.

"ಜೀವ ಇದೆ ಅಂತ ನರ್ಸಮ್ಮ ಫೋನ್ ಮಾಡಿ ಹೇಳಿದ್ರು. ಅದಿರ್ಲಿ. ಹತ್ತಿ ನಿಜಾನಾ?"

ಕರಡಪ್ಪ ಪೇಪರಿನ ಮೂಟೆಯನ್ನು ಬೆನ್ನ ಹಿಂದೆ ಸರಿಸಿದ. "ಸ್ವಲ್ಪ... ಚೂರೇ ಚೂರು."

ಸಿಡಿಲು ಬೀಳಲಿಲ್ಲ. ಅವಳು ಚೀಲ ಕೆಳಗಿಟ್ಟು ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಮೊದಲೇ ಬೊಗಳಬಾರದಿತ್ತೇನ್ರೀ? ದಿನಾ ಬೆಳಗ್ಗೆ ಪೇಪರ್ ಹಿಡ್ಕೊಂಡು, ಇಲ್ಲಿ ತಪ್ಪು ಅಲ್ಲಿ ತಪ್ಪು ಅಂತ ತಾಸುಗಟ್ಲೆ ಒದರ್ತಿದ್ರಲ್ಲ, ಅದು ಕಿವಿಗೆ ಬೀಳಬಾರದು ಅಂತ ನಾನು ಹಾಡ್ತಿದ್ದೆ. ಹದಿನೆಂಟು ವರ್ಷ ಗಂಟಲು ಹರ್ಕೊಂಡೆ! ಇಲ್ದಿದ್ರೆ ನನಗೇನು ಹಾಡೋ ಹುಚ್ಚಾ?"

ಕರಡಪ್ಪನಿಗೆ ಮರುಜನ್ಮ ಬಂದಂತಾಯಿತು. "ಹಾಗಾದ್ರೆ... ಇನ್ಮೇಲೆ ಹಾಡಲ್ವಾ?"

"ಇಲ್ಲ."

"ನಿಜವಾಗ್ಲೂ?"

"ನಿಮ್ಮಾಣೆ. ಮಾತಾಡ್ತೀನಿ." ಅವಳು ಕುರ್ಚಿ ಎಳೆದು ಅವನ ಎದುರಿಗೇ ಕೂತಳು. "ಹಾಡ್ತಾ ಹಾಡ್ತಾ ಹೇಳೋಕಾಗದೆ ಹದಿನೆಂಟು ವರ್ಷದ್ದು ಒಳಗೇ ಉಳ್ಕೊಂಡಿದೆ. ಮದುವೆ ದಿನದಿಂದ ಶುರು ಮಾಡ್ಲಾ?"

ಬೆಳಗಿನಿಂದ ಸಂತಾಪ ಸೂಚಿಸಲು ಬಂದು ಕೂತಿದ್ದವರ ಮುಖದಲ್ಲಿ ಆಗ ಮೊದಲ ಸಲ ನಿಜವಾದ ಸಂತಾಪ ಕಾಣಿಸಿತು.