ಗುಮಾಸ್ತರ ಬುತ್ತಿಯಲ್ಲಿ ಬೆರ್ರಿಗಳು

ಸಸ್ಯಶಾಸ್ತ್ರ ವಿಭಾಗದ ಗುಮಾಸ್ತರು ಯಾರದೋ ಬೀಳ್ಕೊಡುಗೆಯಲ್ಲಿ ಪುಕ್ಕಟೆ ಸಿಕ್ಕಿತೆಂದು ಹಣ್ಣಿನ ಕೇಕನ್ನು ಗಡದ್ದಾಗಿ ಬಾರಿಸಿದರು. ಬೆಳಗಾಗುವಷ್ಟರಲ್ಲಿ ಬಲಗೆನ್ನೆ ಬನ್ನಿನಂತೆ ಉಬ್ಬಿತ್ತು. ಅದೂ ಎಂಥ ದಿನ! ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಅವರ ಹೆಂಡತಿ ಆ ಸಂಜೆಗೇ ಸ್ಟುಡಿಯೋದಲ್ಲಿ ಫೋಟೋ ಗೊತ್ತು ಮಾಡಿದ್ದಳು. ಜೋಡಿ ಫೋಟೋ ಬೇಕೆಂಬ ಆಸೆ ಗುಮಾಸ್ತರಿಗೂ ಇತ್ತು, ಹೇಳಿಕೊಂಡಿರಲಿಲ್ಲ ಅಷ್ಟೆ.

"ಈ ಮುಖ ಇಟ್ಕೊಂಡು ನನ್ನ ಪಕ್ಕ ನಿಂತ್ರೆ ನೋಡಿ!" ಎಂದು ಹೆಂಡತಿ ಬುತ್ತಿ ಕೈಗಿಟ್ಟು ಡಾಕ್ಟರ ಬಳಿಗೆ ಅಟ್ಟಿದಳು.

ಡಾಕ್ಟರು ರಕ್ತ ತೆಗೆದುಕೊಂಡರು. "ಅಲರ್ಜಿ. ಕೇಕಲ್ಲಿದ್ದ ಬೆರ್ರಿ ಹಣ್ಣೇ ಇರ್ಬೇಕು. ರಿಪೋರ್ಟು ಸಂಜೆ ಬರುತ್ತೆ. ಅಲ್ಲೀತನಕ ಬೆರ್ರಿ ಮುಟ್ಟಬೇಡಿ, ಊತ ತಾನಾಗೇ ಇಳಿಯುತ್ತೆ."

ಬೇರೆ ಯಾವ ಆಫೀಸಿನಲ್ಲಿ ಇದನ್ನು ಹೇಳಿದ್ದರೂ ಅಯ್ಯೋ ಪಾಪ ಎಂದು ಸುಮ್ಮನಾಗುತ್ತಿದ್ದರು. ಗುಮಾಸ್ತರು ಹೋಗಿ ಹೋಗಿ ಹೇಳಿದ್ದು ತಮ್ಮ ವಿಭಾಗದ ಪ್ರೊಫೆಸರಿಗೆ.

ಮಧ್ಯಾಹ್ನ ಬುತ್ತಿ ಬಿಚ್ಚಿದ್ದೇ ತಡ, ಪ್ರೊಫೆಸರು ಓಡಿಬಂದರು.

"ಏನ್ರೀ ಅದು, ಟೊಮೇಟೊನಾ? ಕೆಳಗಿಡಿ! ಅದು ಬೆರ್ರಿ!"

"ತರಕಾರಿ ಸಾರ್ ಇದು..."

"ಅದು ನಿಮ್ಮ ಅಡುಗೆಮನೇಲಿ. ಒಂದೇ ಅಂಡಾಶಯದಿಂದ ಬೆಳೆದು, ಬೀಜ ಮೆತ್ತನೆ ತಿರುಳಲ್ಲೇ ಹುದುಗಿದ್ರೆ ಬೆರ್ರಿ. ಬದನೆಕಾಯೀನೂ ಅದೇ, ಬಾಳೆಹಣ್ಣೂ ಅದೇ."

ಪಕ್ಕದ ಮೇಜಿನ ಉಪನ್ಯಾಸಕಿ ಬಿಡುತ್ತಾರೆಯೇ? ಸೌತೆಕಾಯಿಯನ್ನೂ ಮೆಣಸಿನಕಾಯಿಯನ್ನೂ ಇಕ್ಕಳದಿಂದ ಹೆಕ್ಕಿ ತೆಗೆದರು. ಡಬ್ಬಿಯಲ್ಲಿ ಚಮಚವೊಂದೇ ಉಳಿಯಿತು.

"ಹಾಗಾದ್ರೆ ಸ್ಟ್ರಾಬೆರಿ?" ಎಂದರು ಗುಮಾಸ್ತರು, ಹೆದರುತ್ತ.

"ಛೆ, ಅದು ಬೆರ್ರಿನೇ ಅಲ್ಲ!" ಎಂದರು ಇಬ್ಬರೂ ಒಟ್ಟಿಗೆ.

ಗುಮಾಸ್ತರು ತಲೆಮೇಲೆ ಕೈಹೊತ್ತು ಕೂತರು. ಹೊಟ್ಟೆ ತಾಳ ಹಾಕುತ್ತಿತ್ತು. ಉಪನ್ಯಾಸಕಿಗೆ ಕನಿಕರ ಬಂತು.

"ನೀವು ಓಟೆಹಣ್ಣು ತಿನ್ನಿ. ಮಾವಿನ ಹಣ್ಣಲ್ಲಿರೋ ಹಾಗೆ ಬೀಜದ ಸುತ್ತ ಗಟ್ಟಿ ಓಟೆ ಇದ್ರೆ ಅದು ಬೆರ್ರಿ ಅಲ್ಲ. ನಿಮಗೇನೂ ಭಯ ಇಲ್ಲ."

ವಿದ್ಯಾರ್ಥಿಗಳಿಗೆ ತೋರಿಸಲು ತಂದಿದ್ದ ಪ್ಲಮ್ಮು, ಚೆರ್ರಿ ಎಲ್ಲ ಗುಮಾಸ್ತರ ಮೇಜಿಗೆ ಬಂದವು. ತಾನೇನು ಕಮ್ಮಿ ಎಂದು ಪ್ರೊಫೆಸರು, "ಇದೂ ಓಟೆ ಒಳಗಿನ ಬೀಜಾನೇ," ಎನ್ನುತ್ತ ಒಂದು ಪೊಟ್ಟಣ ಬಾದಾಮಿ ಸುರಿದರು. ಗುಮಾಸ್ತರು ತೇಗು ಬರುವ ತನಕ ತಿಂದರು. ಇಷ್ಟು ಪ್ರೀತಿಯ ಜನರ ನಡುವೆ ಕೆಲಸ ಮಾಡುತ್ತಿದ್ದೇನಲ್ಲ ಎಂದು ಕಣ್ಣು ತುಂಬಿ ಬಂತು.

ಆಮೇಲೆ ನೋಡಿದರೆ ಎಡಗೆನ್ನೆಯೂ ಉಬ್ಬತೊಡಗಿತ್ತು.

"ಎಲ್ಲೋ ಬೆರ್ರಿ ನುಸುಳಿದೆ," ಎಂದು ಪ್ರೊಫೆಸರು ಗುಮಾನಿಪಟ್ಟರು. "ಇನ್ನೊಂದಿಷ್ಟು ಬಾದಾಮಿ ತಿನ್ನಿ, ಸರಿಹೋಗುತ್ತೆ."

ಸಂಜೆ ಸ್ಟುಡಿಯೋದ ಬಾಗಿಲಲ್ಲಿ ಹೆಂಡತಿ ಗಂಡನ ಗುರುತು ಹಿಡಿದದ್ದು ಅಂಗಿಯಿಂದ. ಅವಳು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರ ಫೋನು ಬಂತು.

"ರಿಪೋರ್ಟು ಬಂತು ನೋಡಿ. ನನ್ನ ಊಹೆ ತಪ್ಪು. ಬೆರ್ರಿ ಎಷ್ಟು ಬೇಕಾದ್ರೂ ತಿನ್ನಿ. ಪ್ಲಮ್ಮು, ಚೆರ್ರಿ, ಬಾದಾಮಿ, ಈ ಓಟೆ ಜಾತಿ ಇದೆಯಲ್ಲ, ಅದೊಂದು ಮಾತ್ರ ಹತ್ರ ಸೇರಿಸ್ಬೇಡಿ!"

ಗುಮಾಸ್ತರಿಗೆ ಅಳು ಬಂತು. ಹೆಂಡತಿ ಗಂಡನನ್ನು ಆ ಕಡೆಯಿಂದ, ಈ ಕಡೆಯಿಂದ ನೋಡಿದಳು.

"ಬೆಳಿಗ್ಗೆ ಒಂದೇ ಕಡೆ ಇತ್ತು. ಈಗ ಎರಡೂ ಕಡೆ ಸಮ ಇದೆ. ಬನ್ನಿ, ತೆಗೆಸ್ಕೊಳ್ಳೋಣ."

ಇಬ್ಬರೂ ಒತ್ತಿಕೊಂಡು ಕೂತರು. ಫೋಟೋದವನು ಕ್ಯಾಮೆರಾದ ಹಿಂದಿನಿಂದ ಎರಡೆರಡು ಸಲ ಇಣುಕಿದ.

"ಯಜಮಾನ್ರೇ, ಸ್ವಲ್ಪ ನಗಿ."

"ಆಗ್ಲಿಂದ ನಗ್ತಾನೇ ಇದೀನಲ್ಲಪ್ಪಾ!" ಎಂದರು ಗುಮಾಸ್ತರು.